ಕುಲ ಕೆಡಿಸಿದ ಸೊಸೆ

ಮಾರ್ಚ್ 8, ಮಂಗಳವಾರ, ಬೆಳಿಗ್ಗೆ

ಫ್ರೀಜರ್ ಮತ್ತೆ ತುಂಬಿದೆ. ಬಟಾಣಿ, ಐಸ್‌ಕ್ರೀಮ್, ನನ್ನ ಸಂಶೋಧನೆಯ ಕಲ್ಲುಹೂವಿನ ಪೊಟ್ಟಣಗಳು. ಫಬಿಯೋ ಇವತ್ತು ಒಂದು ಪೊಟ್ಟಣ ಬಿಡಿಸಿ ಬಾಣಲೆಯ ಮೇಲೆ ಹಿಡಿದಿದ್ದ! ಕಿರುಚಿದೆ. "ಮೊಟ್ಟೆಗೆ ಏನೋ ಸೊಪ್ಪು ಅಂದ್ಕೊಂಡೆ ಚಿನ್ನ" ಎಂದ. ಸೊಪ್ಪಂತೆ! ಎಂಟು ತಿಂಗಳು ಕಾಡು ಅಲೆದು ತಂದದ್ದು... ಆಮೇಲೆ ಮುತ್ತು ಕೊಟ್ಟ. ಕ್ಷಮಿಸಿದೆ. ಕ್ಷಮಿಸದೆ ಇರಲು ಸಾಧ್ಯವೇ ಇಲ್ಲ, ಆ ಮುಖ ನೋಡಿದರೆ! ಕಾಫಿ ರಫ್ತು ಕಂಪನಿಯಲ್ಲಿ ರುಚಿ ನೋಡುವ ಕೆಲಸ ಅವನದು. ಇಡೀ ದಿನ ಚಮಚದಲ್ಲಿ ಹೀರಿ ಉಗುಳಿ, ಸಂಜೆ ಬಂದು ನನ್ನ ಅಡುಗೆ ಅದ್ಭುತ ಎನ್ನುತ್ತಾನೆ. ಸುಳ್ಳ! ಮುದ್ದು ಸುಳ್ಳ!

ಇವತ್ತೋ ನಾಳೆಯೋ ಸೆಲ್ಮಿರಿಯಾದ ಡಿಎನ್‌ಎ ಫಲಿತಾಂಶ ಬರಬೇಕು. ಮಾವ, ಊರಿಗೆಲ್ಲ ಗೌರವದ 'ಡಾನ್' ಎಲಿಯೆಸೆರ್, ಮೂವತ್ತು ವರ್ಷದ ಹಿಂದೆ ಕಟ್ಟಿದ ಕಲ್ಲುಹೂವಿನ ಕುಲ (ಜೀನಸ್). ಆರು ಪ್ರಭೇದಗಳು. ತೊಗಟೆಗೆ ಅಂಟಿದ ಬೂದು ಚಕ್ಕೆ, ಸುತ್ತ ರಕ್ತಗೆಂಪು ಅಂಚು. ಯಾರೋ ಲಿಪ್‌ಸ್ಟಿಕ್ ಹಚ್ಚಿ ಮರಕ್ಕೆ ಮುತ್ತಿಟ್ಟ ಹಾಗೆ. ಅತ್ತೆಯ ಹೆಸರು ಸೆಲ್ಮಿರಾ, ಅದಕ್ಕೇ ಸೆಲ್ಮಿರಿಯಾ. ಎಷ್ಟು ರೊಮ್ಯಾಂಟಿಕ್! ಫಬಿಯೋ ನನಗಾಗಿ ಇದುವರೆಗೆ ಮಾಡಿದ್ದು ಒಂದು ಶೆಲ್ಫ್. ಅದೂ ಸೊಟ್ಟ.

ಮದುವೆಗೆ ಮಾವ ಕೊಟ್ಟ ಉಡುಗೊರೆಯೇ ಸೆಲ್ಮಿರಿಯಾದ ಮೂಲ ತುಂಡಿನಿಂದ, ಅಂದರೆ ಹೆಸರಿಡುವಾಗ ಮಾದರಿಯಾಗಿ ಎತ್ತಿಟ್ಟ ಚಕ್ಕೆಯಿಂದ, ಒಂದು ಚೂರು ಕತ್ತರಿಸಿಕೊಳ್ಳುವ ಅನುಮತಿ. ಎಲ್ಲರೆದುರು ಗ್ಲಾಸ್ ಎತ್ತಿದ್ದರು — "ನಾನು ಬರಿಗಣ್ಣಲ್ಲಿ ಕಂಡದ್ದನ್ನ ನನ್ನ ಸೊಸೆಯ ಮೆಶೀನೂ ಒಪ್ಕೊಳ್ಳಲಿ!" ಮೇ ಕೊನೆಗೆ ಅವರಿಗೆ ಸನ್ಮಾನ. ಪೋಸ್ಟರ್ ಆಗಲೇ ಅಚ್ಚಾಗಿದೆ. ಕೆಂಪು ಕೆಂಪು ಸೆಲ್ಮಿರಿಯಾ, ಪಕ್ಕದಲ್ಲಿ ಮಾವ.

ಮಾರ್ಚ್ 11, ಶುಕ್ರವಾರ

ಫಲಿತಾಂಶ ಬಂತು.

ಕಂಪ್ಯೂಟರಿನಲ್ಲಿ ಅವುಗಳ ವಂಶವೃಕ್ಷ ಬರೆಸಿದೆ. ಸರಿಯಿಲ್ಲ ಅನ್ನಿಸಿತು. ಮತ್ತೆ ಬರೆಸಿದೆ. ಅದೇ. ಬೇರೆ ಜೀನ್ ಹಾಕಿ ನೋಡಿದೆ. ಅದೇ, ಅದೇ!

ಸೆಲ್ಮಿರಿಯಾ ಒಂದು ಕುಲವೇ ಅಲ್ಲ. ನಾಲ್ಕು ಪ್ರಭೇದಗಳು, ಮೂಲ ತುಂಡೂ ಸೇರಿ, ಯಾರೂ ತಿರುಗಿ ನೋಡದ ಒಂದು ಹಳೆಯ ಬೂದು ಕುಲದ ಹೊಟ್ಟೆಯೊಳಗೆ ಕೂತಿವೆ. ಉಳಿದ ಎರಡು ಎಲ್ಲೋ ದೂರ, ಬೇರೆ ಕುಟುಂಬದಲ್ಲಿ. ಕೆಂಪು ಎರಡು ಸಲ ಹುಟ್ಟಿದೆ. ಎರಡು ಬೇರೆ ಬೇರೆ ಮನೆಗಳಲ್ಲಿ.

ಫಬಿಯೋ ಊಟಕ್ಕೆ ಕೂತಾಗ ಹೇಳಿದೆ.

"ಆದ್ರೆ ಎಲ್ಲಾ ಕೆಂಪಗಿದ್ಯಲ್ಲ?"

"ಸ್ಟೇಡಿಯಮ್ಮಲ್ಲಿ ಕೆಂಪು ಜೆರ್ಸಿ ಹಾಕ್ಕೊಂಡವರೆಲ್ಲ ಒಂದೇ ತಾಯಿ ಮಕ್ಕಳಾ?"

ನಕ್ಕ. "ಸರಿ, ಎರಡನ್ನ ಹೊರಗೆ ಕಳಿಸು. ನಾಲ್ಕು ಸೆಲ್ಮಿರಿಯಾ ಆಗಿ ಇರಲಿ."

"ಆಗಲ್ಲ. ಹೆಸರು ಮೂಲ ತುಂಡಿಗೆ ಅಂಟಿರತ್ತೆ. ತುಂಡು ಯಾವ ಮನೆ ಸೇರತ್ತೋ ಹೆಸರೂ ಆ ಮನೆಗೆ. ಆ ಮನೆಗೆ ಆಗ್ಲೇ ಹಳೇ ಹೆಸರಿದೆ. ಹಳೇದು ಉಳಿಯತ್ತೆ, ಹೊಸದು ಹೋಗತ್ತೆ."

ನಗು ನಿಂತಿತು. "ಅಂದ್ರೆ ಮಮಾ ಹೆಸರು..."

"ಹೋಗತ್ತೆ."

ಫೋರ್ಕ್ ಕೆಳಗಿಟ್ಟ. "ಗ್ಲೋರಿ. ಪಪ್ಪಾಗೆ ಹೇಳ್ಬೇಡ."

ಮಾರ್ಚ್ 13, ಭಾನುವಾರ

ಹೇಳಿದೆ! ಹೇಳದೆ ಮತ್ತೇನು? ಕೇಳಿದವರು ಅವರೇ. ಎರೆಡಿಯಾದ ಅವರ ಮನೆಯಲ್ಲಿ ಭಾನುವಾರದ ಊಟ. ಯುಕಾ ಗೆಡ್ಡೆ, ಹಸಿಬಾಳೆ, ಜೋಳದ ತೆನೆ ತೇಲುವ ಮಾಂಸದ ಸಾರು. ಇನ್ನೂ ಎರಡು ತುತ್ತು ತಿಂದಿರಲಿಲ್ಲ —

"ಏನು ಮಗಳೇ, ನಿಮ್ಮ ಮೆಶೀನು ನನ್ನ ಸೆಲ್ಮಿರಿಯಾಗೆ ಕೈ ಮುಗೀತಾ?"

ನಿಧಾನವಾಗಿ, ಮರ್ಯಾದೆಯಾಗಿ, ಎಲ್ಲ ಹೇಳಿದೆ. ಮಾವನ ಕಿವಿ ಕೆಂಪಾಯಿತು. ಈ ಮನೆಯಲ್ಲಿ ಗಂಡ, ಹೆಂಡತಿ, ಮಗ, ನಾಯಿ ಎಲ್ಲರಿಗೂ 'ನೀವು'. ಬೈಗುಳವೂ 'ನೀವು'ವಿನಲ್ಲೇ ಬಂತು.

"ನಿಮ್ಮ ಸ್ಯಾಂಪಲ್ ಕೊಳಕು. ಕೈ ತೊಳ್ಕೊಂಡಿದ್ರಾ?"

"ಮೂರು ಸಲ ಮಾಡಿದೀನಿ, ಡಾನ್ ಎಲಿಯೆಸೆರ್. ಹೊಸದಾಗಿ ತಂದ ಚಕ್ಕೆಗಳಲ್ಲೂ ಅದೇ."

"ನಾನು ನಲವತ್ತು ವರ್ಷ ಮರ ಹತ್ತಿದವನು. ನೀವು ಇಂಗ್ಲಿಷ್ ಸ್ಕೂಲಲ್ಲಿ ಕೂತು ಹಾಡು ಹೇಳ್ಕೊಂಡು ಬೆಳೆದೋರು. ಅಲ್ಲಿ ಮನೆ ಮರ್ಯಾದೆ ಅನ್ನೋ ಪಾಠ ಇರ್ಲಿಲ್ಲ ಅನ್ಸತ್ತೆ." ನಾಯಿಯ ಕಡೆ ತಿರುಗಿದರು. "ನೋಡಿದ್ರಾ ಕನೇಲಾ? ಸೊಸೆ ಮನೆಗೆ ಬಂದು ತಿಂಗಳಾಗಿಲ್ಲ, ಕುಲ ಕೆಡಿಸಿದಳು. ಅತ್ತೆ ಹೆಸರನ್ನೇ ಅಳಿಸ್ತಿದಾಳೆ."

ಅತ್ತೆ ನನ್ನ ತಟ್ಟೆಗೆ ಇನ್ನೊಂದು ತೆನೆ ಹಾಕಿದರು. ಫಬಿಯೋ? ಫಬಿಯೋ ಸಾರು ನೋಡುತ್ತಿದ್ದ! ಜಗತ್ತಿನಲ್ಲಿ ಸಾರನ್ನೇ ಕಂಡಿಲ್ಲ ಎನ್ನುವ ಹಾಗೆ!

ಕುಲ ಕೆಡಿಸಿದೆನಂತೆ. ನಾನೇನು ಕೆಡಿಸಿದೆ? ಅವು ಮೊದಲಿಂದಲೂ ಹಾಗೇ ಇದ್ದವು. ಲಕ್ಷಾಂತರ ವರ್ಷದಿಂದ! ನಾನು ನೋಡಿದೆ ಅಷ್ಟೇ. ಇಂಗ್ಲಿಷ್ ಸ್ಕೂಲಂತೆ. ಹಾಡಂತೆ.

ಮಾರ್ಚ್ 16, ಬುಧವಾರ

ಫಬಿಯೋ ಹೂ ತಂದ. ಕುಣಿದುಬಿಟ್ಟೆ. ಹೂದಾನಿಗೆ ಇಡುವಾಗ ಹಿಂದಿನಿಂದ ತಬ್ಬಿಕೊಂಡು, ಕಿವಿಯಲ್ಲಿ —

"ಚಿನ್ನ, ಆ ಮೂಲ ತುಂಡಿದ್ಯಲ್ಲ... ಅದೊಂದನ್ನ ಬಿಟ್ಟುಬಿಟ್ರೆ? ಒಂದೇ ಒಂದು ಸ್ಯಾಂಪಲ್. ಎರಡನ್ನ ಹೊರಗೆ ಕಳಿಸು, ಪರವಾಗಿಲ್ಲ. ಮೂಲ ತುಂಡು ಎಲ್ಲಿಗೆ ಹೋಯ್ತು ಅಂತ ಹೇಳ್ದಿದ್ರೆ ಹೆಸರು ಉಳಿಯತ್ತೆ ತಾನೆ? ಸನ್ಮಾನ ಮುಗೀಲಿ. ಆಮೇಲೆ ನೋಡ್ಕೊಳ್ಳೋಣ."

ಹೂವಿಗೆ ಇದಾ ಬೆಲೆ!

"ಫಬಿಯೋ, ನಿನ್ನ ಮುಂದೆ ಎರಡು ಕಪ್ಪು. ಎರಡೂ ಒಂದೇ ಕಂದು. ಒಂದು ತರಾಸು ಬೆಟ್ಟದ್ದು, ಇನ್ನೊಂದು ಯಾವುದೋ ಬಯಲಿನದು. ನಿನ್ನ ಬಾಸ್ ಬಂದು 'ಬಣ್ಣ ಒಂದೇ ತಾನೆ, ಎರಡಕ್ಕೂ ತರಾಸು ಅಂತ ಬರಿ' ಅಂದ್ರೆ?"

"ಅದು ಬೇರೆ."

"ಹೇಗೆ ಬೇರೆ?"

"ಅದು ಮೋಸ."

"ಇದು?"

"ಇದು ಮಮಾ ಹೆಸರು, ಗ್ಲೋರಿ! ಅವರಿಗೆ ಅಂತ ಇರೋದು ಅದೊಂದೇ! ಇಡೀ ಬೀದಿಗೆ ಗೊತ್ತು, ಚರ್ಚಲ್ಲಿ ಗೊತ್ತು. ಮೂವತ್ತು ವರ್ಷದಿಂದ ಅವರು 'ಕಲ್ಲುಹೂವಿನ ಡೋನ್ಯಾ', ಕಲ್ಲುಹೂವಿನ ಅಮ್ಮಾವ್ರು. ನಾಳೆ ಏನನ್ನಬೇಕು? 'ಇಲ್ಲ, ಸೊಸೆ ಕಿತ್ಕೊಂಡ್ಳು' ಅನ್ನಬೇಕಾ?"

ಅದು ಎದೆಗೆ ತಾಕಿತು. ನಿಜ ಹೇಳಬೇಕೆಂದರೆ ಅದನ್ನೇ ಯೋಚಿಸಿ ಯೋಚಿಸಿ ನನಗೆ ಅನ್ನ ಸೇರುತ್ತಿಲ್ಲ. ಅತ್ತೆ ಹಾಕಿದ ಆ ತೆನೆ ಕಣ್ಣ ಮುಂದೆ ಬರುತ್ತದೆ. ಆದರೆ ಅದಕ್ಕಾಗಿ ಮೂಲ ತುಂಡನ್ನೇ ಮುಚ್ಚಿಡುವುದೇ? ಹಾಗೆ ಮಾಡಿದರೆ ನನ್ನ ವಂಶವೃಕ್ಷದಿಂದ ಕಾಣೆಯಾಗುವುದು ಒಂದು ಕೊಂಬೆಯಲ್ಲ, ನಾನೇ.

ಹೂ ಬಚ್ಚಲ ಬಕೆಟ್ಟಿನಲ್ಲಿದೆ. ಫಬಿಯೋ ಸೋಫಾದಲ್ಲಿದ್ದಾನೆ. ಸೋಫಾ ಗಿಡ್ಡ. ಕಾಲು ಹೊರಗೆ ಚಾಚಿಕೊಂಡಿರಲಿ.

ಮಾರ್ಚ್ 24, ಪವಿತ್ರ ಗುರುವಾರ, ಮಧ್ಯಾಹ್ನ

ಈ ವಾರವೆಲ್ಲ ಏನೂ ಬರೆಯಲಿಲ್ಲ. ಮಾತೂ ಇಲ್ಲ, ಕತೆಯೂ ಇಲ್ಲ. ಮನೆಯಲ್ಲಿ 'ಉಪ್ಪು ಕೊಡು' ಮಾತ್ರ.

ಇವತ್ತು ಅತ್ತೆಯ ಫೋನು. "ಚಿವೆರೆ ಕುಂಬಳದ ಹೂರಣ ಹೆಚ್ಚಾಗಿದೆ. ಕಡುಬು ಮಡಚೋಕೆ ಕೈ ಬೇಕು. ಒಬ್ಬರೇ ಬನ್ನಿ."

ಒಬ್ಬರೇ! ನನಗೆ ಜೀವವೇ ಹೋಯಿತು. ಬೈಸಿಕೊಳ್ಳಲು ಸಿದ್ಧವಾಗಿ, ಉತ್ತರಗಳನ್ನೆಲ್ಲ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದೆ. ಮಾವ ಮೆರವಣಿಗೆ ನೋಡಲು ಹೋಗಿದ್ದರು. ಅಡುಗೆಮನೆ ತುಂಬ ಬೆಲ್ಲ, ಲವಂಗದ ವಾಸನೆ. ಕಡುಬಿನ ಅಂಚು ಒತ್ತುತ್ತ ಕೂತೆವು. ಒಂದು ತಟ್ಟೆ ತುಂಬಿತು. ಆಮೇಲೆ —

"ನಿಮ್ಮ ಚೀಲದಲ್ಲಿ ಯಾವಾಗ್ಲೂ ಪೊಟ್ಟಣ ಇರತ್ತಲ್ಲ. ಎರಡು ಕೆಂಪು ತೆಗೀರಿ. ಆ ನಾಲ್ಕರಲ್ಲಿ ಒಂದು, ಈ ಎರಡರಲ್ಲಿ ಒಂದು."

ತೆಗೆದೆ. ಅತ್ತೆ ಸಿಂಕ್ ಕೆಳಗಿಂದ ಕೊಳವೆ ತೊಳೆಯುವ ಕಾಸ್ಟಿಕ್ ಸೋಡಾ ತೆಗೆದು ಒಂದು ಚಿಟಿಕೆ ನೀರಿಗೆ ಹಾಕಿದರು. ಹಲ್ಲುಕಡ್ಡಿ ಅದ್ದಿ, ಮೊದಲ ಚಕ್ಕೆಯ ಕೆಂಪಿಗೆ ಒಂದು ಹನಿ. ನೇರಳೆಯಾಯಿತು. ಕಡು ನೇರಳೆ! ಎರಡನೆಯದಕ್ಕೆ ಒಂದು ಹನಿ. ಮಾಸಲು ಹಸಿರು.

ಬಾಯಿ ತೆರೆದುಕೊಂಡು ಕೂತೆ. ಒಂದೇ ಕೆಂಪು ಅಲ್ಲವೇ ಅಲ್ಲ! ಎರಡು ಬೇರೆ ಬಣ್ಣ, ಬೇರೆ ರಸ.

"ಎಂಬತ್ತಾರರಲ್ಲಿ ನೋಡಿದ್ದು ಇದು" ಎಂದರು ಅತ್ತೆ. "ನಾನು ಕೆಮಿಸ್ಟ್, ಗ್ಲೋರಿಯಾನಾ. ಯಾರೂ ಹೇಳಿಲ್ವಾ?"

ಯಾರೂ ಹೇಳಿರಲಿಲ್ಲ! ಫಬಿಯೋ ಹೇಳಿದ್ದು 'ಮಮಾ ಮೊದ್ಲು ಎಲ್ಲೋ ಕೆಲಸಕ್ಕೆ ಹೋಗ್ತಿದ್ರು' ಅಂತ.

"ಆರಕ್ಕೆ ಆರೂ ನಾನೇ ಪರೀಕ್ಷೆ ಮಾಡಿದ್ದು. ನಾಲ್ಕು ನೇರಳೆ, ಎರಡು ಹಸಿರು. 'ಎಲಿಯೆಸೆರ್, ಇವು ಒಂದೇ ಮನೆಯವಲ್ಲ' ಅಂದೆ. 'ಹಳೇ ಚಕ್ಕೆ, ಮಳೆ ತಿಂದು ಬಣ್ಣ ಕೆಟ್ಟಿದೆ' ಅಂದ್ರು. ಅವರ ಲೇಖನ ಓದಿದೀರಲ್ಲ. 'ಕ್ಷಾರಕ್ಕೆ ಪ್ರತಿಕ್ರಿಯೆ ಒಂದೇ ತೆರನಲ್ಲ' ಅಂತ ಒಂದು ಸಾಲಿದೆ ನೋಡಿ, ಅದೇ ನಾನು."

ಓದಿದ್ದೇನೆ. ಎಷ್ಟೋ ಸಲ. ದಾಟಿಕೊಂಡು ಹೋಗಿದ್ದೇನೆ.

"ಆದ್ರೆ... ಲೇಖಕರಲ್ಲಿ ನಿಮ್ಮ ಹೆಸರು ಯಾಕಿಲ್ಲ?"

"ಕೇಳಿದೆ. 'ಅದಕ್ಕಿಂತ ದೊಡ್ಡದು ಕೊಡ್ತೀನಿ, ಇಡೀ ಕುಲಕ್ಕೆ ನಿಮ್ಮ ಹೆಸರು' ಅಂದ್ರು. ತನ್ನ ಹೆಸರಿನ ಕುಲವನ್ನ ತಾನೇ ಪ್ರಕಟಿಸೋರು ಉಂಟಾ? ಹೆಸರಿಡೋ ನಿಮ್ಮವರಲ್ಲಿ ಅದು ಮರ್ಯಾದೆಗೇಡು ತಾನೆ?" ಕಡುಬಿನ ಅಂಚನ್ನು ಫೋರ್ಕಿನಿಂದ ಒತ್ತಿದರು, ಒಂದೊಂದೇ ಗೆರೆ. "ನನ್ನ ಹೆಸರಿಟ್ರು, ನನ್ನ ಹೆಸರು ಬಿಟ್ರು."

ನನಗೆ ಅಳು ಬಂತು. ಮೂವತ್ತು ವರ್ಷ! ಚರ್ಚಿನಲ್ಲಿ ಎಲ್ಲರೂ ಎಷ್ಟು ಅದೃಷ್ಟವಂತೆ ಎನ್ನುವಾಗ ನಗುತ್ತ ನಿಂತಿದ್ದರು! ಪೋಸ್ಟರ್ ನೋಡುವಾಗ, ಗ್ಲಾಸ್ ಎತ್ತುವಾಗ... ಮಾವನನ್ನು ಆ ಪೋಸ್ಟರಿನಲ್ಲೇ ಸುತ್ತಿ —

"ನನ್ನನ್ನ ನೋಡಿ ಪಾಪ ಅನ್ಬೇಡಿ. ಕಡುಬು ಉಪ್ಪಾಗತ್ತೆ" ಎಂದರು ಅತ್ತೆ. "ನಿಮ್ಮ ಲ್ಯಾಬಲ್ಲಿ ನನಗೊಂದು ಕೋಟು ಸಿಗತ್ತಾ? ಆರನ್ನೂ ಮತ್ತೆ ಮಾಡ್ತೀನಿ, ಸರಿಯಾಗಿ. ಈ ಸಲ ನನಗೆ ಕುಲ ಬೇಡ. ಲೇಖಕರ ಸಾಲಲ್ಲಿ ಜಾಗ ಬೇಕು."

ಏಪ್ರಿಲ್ 6, ಬುಧವಾರ

ಅತ್ತೆ ಲ್ಯಾಬಿನಲ್ಲಿ! ನನ್ನ ಕೋಟು ಅವರಿಗೆ ಮೊಣಕಾಲ ತನಕ.

"ಈ ಬೀಕರ್ ಯಾರು ತೊಳೆದಿದ್ದು?"

"ನಾನೇ."

"ಗೊತ್ತಾಗ್ತಿದೆ."

ನಾಲ್ಕು ಒಂದು ರಸ, ಎರಡು ಇನ್ನೊಂದು ರಸ. ನನ್ನ ವಂಶವೃಕ್ಷದಲ್ಲಿ ಹೇಗೆ ಬೇರೆಯಾಗಿದ್ದವೋ ಥೇಟ್ ಹಾಗೇ. ಬಣ್ಣಗಳನ್ನು ಬೇರ್ಪಡಿಸುವ ಗಾಜಿನ ತಟ್ಟೆಯ ಮೇಲೆ ಚುಕ್ಕೆಗಳು ಮೇಲೇರಿ ಬೇರೆ ಬೇರೆ ಎತ್ತರದಲ್ಲಿ ನಿಂತದ್ದು ನೋಡಿ ಅವರನ್ನು ತಬ್ಬಿಕೊಂಡುಬಿಟ್ಟೆ. "ಕೈಯಲ್ಲಿ ಆಸಿಡ್ ಇದೆ, ಸರೀರಿ" ಎಂದರು.

ಸಂಜೆ ಫಬಿಯೋ ನಮ್ಮನ್ನು ಕರೆದೊಯ್ಯಲು ಕಾರು ತಂದ. ಕೋಟಿನಲ್ಲಿ ತಾಯಿಯನ್ನು ಕಂಡು ಬಾಗಿಲಲ್ಲೇ ನಿಂತ. ದಾರಿಯಲ್ಲಿ ಎಲ್ಲ ಕೇಳಿಸಿಕೊಂಡ. ಬಹಳ ದೂರ ಹೋದ ಮೇಲೆ —

"ಕೆಲಸ ಯಾಕೆ ಬಿಟ್ರಿ, ಮಮಾ?"

"ಅದೇ ವರ್ಷ ನೀವು ಹುಟ್ಟಿದ್ರಿ. ಸೆಲ್ಮಿರಿಯಾನೂ ಹುಟ್ಟಿತು. ಇಬ್ಬರಿಗೂ ಅವರೇ ಹೆಸರಿಟ್ರು."

ಫಬಿಯೋ ಸಿಗ್ನಲ್ ಹಸಿರಾದರೂ ಕಾರು ಬಿಡಲಿಲ್ಲ. ಹಿಂದಿನಿಂದ ಹಾರ್ನೋ ಹಾರ್ನು.

ಏಪ್ರಿಲ್ 17, ಭಾನುವಾರ

ಎಷ್ಟು ಪೆದ್ದಿ ನಾನು! ಎಷ್ಟು ಪೆದ್ದಿ!

ಬೆಳಿಗ್ಗೆ ಫಬಿಯೋ ಕುಣಿಯುತ್ತ ಬಂದ. ಮಾವನ ಜೊತೆ ಎರಡು ಗಂಟೆ ಮಾತಾಡಿ ರಾಜಿ ಮಾಡಿಸಿದ್ದಾನಂತೆ. ಡಿಎನ್‌ಎ ಫಲಿತಾಂಶವನ್ನು ಕೊನೆಗೂ ಒಪ್ಪಿದ್ದಾರಂತೆ. ಎರಡೇ ಷರತ್ತು. ಲೇಖಕರಲ್ಲಿ ಮಾವನ ಹೆಸರು ಬೇಕು, "ತಪ್ಪನ್ನ ನಾನೇ ತಿದ್ದಿದೆ ಅಂತಾಗ್ಲಿ". ಮತ್ತೆ ಆ ಅನಾಥ ಎರಡು ಪ್ರಭೇದಗಳಿಗೆ ಹೊಸ ಕುಲ ಬೇಕಲ್ಲ, ಅದಕ್ಕೆ ಅತ್ತೆಯದೇ ಹೆಸರು. ಸ್ವಲ್ಪ ಬದಲಿಸಿ ಹೊಸ ಸೆಲ್ಮಿರಿಯಾ! ಹೆಸರು ಉಳಿಯಿತು, ಸತ್ಯ ಉಳಿಯಿತು, ಸನ್ಮಾನವೂ ಉಳಿಯಿತು!

ನಾನೂ ಕುಣಿದೆ! ಫಬಿಯೋನ ಕುತ್ತಿಗೆಗೆ ಜೋತುಬಿದ್ದು ಅಳುತ್ತಲೇ ನಕ್ಕೆ. ಇಬ್ಬರೂ ಎರೆಡಿಯಾಗೆ ಓಡಿದೆವು. ಅಡುಗೆಮನೆಯಲ್ಲಿ ಒಂದೇ ಉಸಿರಿಗೆ ಹೇಳಿದೆ.

ಅತ್ತೆ ಕೈ ಒರೆಸಿಕೊಂಡರು. "ಅಂದ್ರೆ ಮತ್ತೆ ನನ್ನ ಹೆಸರಿನ ಕುಲ."

"ಹೌದು!"

"ಅಂದ್ರೆ ಮತ್ತೆ ನಾನು ಲೇಖಕಿ ಅಲ್ಲ. ಅವರು ಲೇಖಕರು."

ನನ್ನ ನಗು ಮುಖದ ಮೇಲೆಯೇ ಒಣಗಿತು.

"ಅವರಿಗೆ ಅರ್ಥ ಆಗಲ್ಲ ಅಂತ ಗೊತ್ತಿತ್ತು" ಎಂದರು. "ನಿಮಗೂ ಆಗ್ಲಿಲ್ವಾ?"

ನೆಲ ಬಿರಿಯಬಾರದೇ! ಮಾವ ಮೂವತ್ತು ವರ್ಷದ ಹಿಂದೆ ಮಾಡಿದ್ದನ್ನೇ ನಾನು ಕುಣಿಯುತ್ತ, ಸಿಹಿ ಹಂಚುವವಳ ಹಾಗೆ ತಂದು ಅವರ ಮುಂದಿಟ್ಟಿದ್ದೆ.

ಫಬಿಯೋ ಮಾತ್ರ ಇನ್ನೂ — "ಮಮಾ, ಒಂದು ಸಾಲಿಗೆ ಇಷ್ಟೊಂದಾ? ಎಲ್ಲರೂ ಖುಷಿಯಾಗಿರಬಹುದು..."

"ಎಲ್ಲರೂ ಅಂದ್ರೆ ಯಾರು?" ಎಂದು ನಾನು ಕೂಗಿದೆ. "ಯಾರು ಆ ಎಲ್ಲರೂ? ನಿಮ್ಮಮ್ಮ ಅದರಲ್ಲಿದಾರಾ? ನೀನು ಎರಡು ಗಂಟೆ ಪಪ್ಪಾ ಹತ್ರ ಕೂತೆ. ಇವರ ಹತ್ರ ಎರಡು ನಿಮಿಷ ಕೂತ್ಯಾ? ಇವರನ್ನ ಯಾರಾದ್ರೂ ಕೇಳಿದೀರಾ? ಮೂವತ್ತು ವರ್ಷದಲ್ಲಿ ಒಬ್ಬರಾದ್ರೂ?" ನಾನೂ ಕೇಳಿರಲಿಲ್ಲ. ಆ ಸಿಟ್ಟೂ ಸೇರಿ ದನಿ ಬೀದಿ ತನಕ ಹೋಗಿರಬೇಕು. ಕನೇಲಾ ಮೇಜಿನ ಕೆಳಗೆ ಹೋಯಿತು.

ಫಬಿಯೋ ಕೆಂಪಾದ. ಬಿಳಿಯಾದ. ಕುರ್ಚಿ ಎಳೆದುಕೊಂಡು ತಾಯಿಯ ಎದುರು ಕೂತ.

"ಏನು ಬೇಕು, ಮಮಾ? ನಿಮಗೆ?"

ಅತ್ತೆ ಅವನನ್ನೇ ನೋಡಿದರು, ನೋಡಿದರು. "ಕಾಫಿ ಸೋಸಿ" ಎಂದರು. "ಕುಡೀತಾ ಹೇಳ್ತೀನಿ."

ನನ್ನನ್ನು ಹೊರಗೆ ಕಳಿಸಿದರು! ತಾಯಿ-ಮಗ ಒಂದು ಗಂಟೆ ಒಳಗಿದ್ದರು. ಬರುವಾಗ ಫಬಿಯೋ ಕಣ್ಣು ಊದಿಕೊಂಡಿತ್ತು, ತುಟಿಯ ತುದಿಯಲ್ಲಿ ನಗು. ಏನಂತೆ ಎಂದರೆ ಹೇಳುವುದಿಲ್ಲ. "ಮಮಾ ಒಂದು ಹೆಸರು ಯೋಚಿಸಿದಾರೆ" ಅಷ್ಟೇ. ದುಷ್ಟ! ಸೋಫಾದಿಂದ ಒಳಗೆ ಬರಲು ಅನುಮತಿ ಕೊಟ್ಟಿದ್ದೇನೆ.

ಮೇ 1, ಭಾನುವಾರ, ಸಂಜೆ

ಎರೆಡಿಯಾ. ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಇರಲು ಆಗಲಿಲ್ಲ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್. ಲೇಖನ ಕಳಿಸಲು ಎಲ್ಲ ಸಿದ್ಧ. ನಾನು, ಅತ್ತೆ, ಫಬಿಯೋ. ಪಕ್ಕದ ಕೋಣೆಯಲ್ಲಿ ಮಾವನ ಟಿವಿ, ಫುಟ್‌ಬಾಲು, ಬೇಕೆಂದೇ ಜೋರಾಗಿ.

"ಲೇಖಕರ ಸಾಲು ಓದಿ" ಎಂದರು ಅತ್ತೆ.

ಓದಿದೆ. ಗ್ಲೋರಿಯಾನಾ ಎಚಾಂಡಿ ಲಾರಾ. ಸೆಲ್ಮಿರಾ ಕಿರೋಸ್ ಉಮಾನ್ಯಾ. ನಾನು ಅವರನ್ನೇ ಮೊದಲು ಹಾಕಿದ್ದೆ, "ವಂಶವೃಕ್ಷ ನಿಮ್ಮದು, ಬಣ್ಣ ನನ್ನದು. ಎರಡನೇ ಜಾಗ ನನ್ನ ಜಾಗ" ಎಂದು ಅವರೇ ಬದಲಿಸಿದರು.

ಟಿವಿ ಸದ್ದು ನಿಂತಿತು. ಮಾವ ಬಾಗಿಲಲ್ಲಿ.

"ನನ್ನ ಹೆಸರು?"

"ಇದೆ. ನಾಲ್ಕನೇ ಪುಟದಲ್ಲಿ" ಎಂದರು ಅತ್ತೆ.

ನಾನು ಪುಟ ತಿರುಗಿಸಿದೆ. ಅನಾಥವಾಗಿದ್ದ ಆ ಎರಡು ಪ್ರಭೇದಗಳ ಹೊಸ ಕುಲ. ಎಲಿಯೆಸೆರಿಯಾ. ಮಾವ ಬಗ್ಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಮುಖ ಅರಳಿತು! ನಿಜವಾಗಿ ಅರಳಿತು, ಮಗುವಿನ ಹಾಗೆ! "ಸೆಲ್ಮಿರಾ... ನನಗೆ?" ಆಮೇಲೆ ಮೆಲ್ಲಗೆ ಹಣೆಯಲ್ಲಿ ಒಂದೊಂದೇ ಗೆರೆ ಮೂಡಿತು.

"ಹಾಗಾದ್ರೆ... ಲೇಖಕರ ಸಾಲಲ್ಲಿ ನಾನು..."

"ನಿಮ್ಮ ಹೆಸರಿನ ಕುಲಕ್ಕೆ ನೀವೇ ಲೇಖಕರಾಗ್ತೀರಾ, ಎಲಿಯೆಸೆರ್? ಜನ ಏನಂದಾರು?"

ಫಬಿಯೋಗೆ ಕಾಫಿ ಮೂಗಿಗೆ ಹತ್ತಿತು.

"ತಡೀರಿ, ಕಳಿಸ್ಬೇಡಿ, ಸ್ವಲ್ಪ ಮಾತಾಡೋಣ" ಎನ್ನುತ್ತಿದ್ದರು ಮಾವ. ಅತ್ತೆ ಕನ್ನಡಕ ಏರಿಸಿ, ತೋರುಬೆರಳು ಚಾಚಿ, ಗುಂಡಿ ಒತ್ತಿದರು. "ಉಡುಗೊರೆ" ಎಂದರು. "ಇಡೀ ಕುಲ."

ಫಬಿಯೋ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದ. ಈಗ ನನ್ನ ಪಕ್ಕದಲ್ಲೇ ಕೂತಿದ್ದಾನೆ, ಹೆಗಲ ಮೇಲೆ ಬಗ್ಗಿ ಇದನ್ನು ಓದಲು ನೋಡುತ್ತಿದ್ದಾನೆ. ಓದಬೇಡ!

ಒಳಗಿಂದ ಈಗ ಮಾವನ ದನಿ. ಸಣ್ಣದಾಗಿ.

"ಆವತ್ತು ಆ ಹಸಿರು ಬಣ್ಣ... ನಾನೂ ನೋಡಿದ್ದೆ, ಸೆಲ್ಮಿರಾ."

"ಗೊತ್ತು."

ಅಯ್ಯೋ. ಫಬಿಯೋ ನನ್ನ ಕೈ ಅಮುಕಿದ. ಕೊನೆಗೂ! ಮೂವತ್ತು ವರ್ಷದ ಮೇಲೆ, ಕೊನೆಗೂ —

"ಆದ್ರೆ ನೋಡಿ, ಆಗಿನ ಕಾಲದಲ್ಲಿ..."

'ಆದ್ರೆ' ಅಂತೆ! ಇನ್ನೂ 'ಆದ್ರೆ'! ಬಿಡು ಫಬಿಯೋ ಕೈ, ನಾನು ಒಳಗೆ —